ಒಂದು ಪ್ರೋಟೀನು, ಅದರ ಎರಡು ರೂಪಗಳು

ಉಸಿರಾಟದ ಸೋಂಕುಗಳಿಗೆ ಚಿಕಿತ್ಸೆ ಹುಡುಕುವ ಕೆಲಸದಲ್ಲಿ ವೈರಸ್ಸಿನ ಪ್ರೋಟೀನುಗಳ ಅಧ್ಯಯನಕ್ಕೆ ಇರುವ ಸ್ಥಾನವೇನು ಎಂಬುದನ್ನು ಕುರಿತ ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಒಬ್ಬರು ಎಳೆಯ ಮಕ್ಕಳ ಕಾಯಿಲೆಗಳನ್ನು ನೋಡುವ ವೈದ್ಯೆ, ಇನ್ನೊಬ್ಬರು ಪ್ರೋಟೀನುಗಳ ರಚನೆಯನ್ನು ಅಭ್ಯಾಸ ಮಾಡುವ ವಿಜ್ಞಾನಿ. ಚರ್ಚೆ ಹರಡಿಹೋಗದಂತೆ ಅವರು ಒಂದೇ ವೈರಸ್ಸನ್ನು, ಅದರಲ್ಲೂ ಮುಖ್ಯವಾಗಿ ಅದರ ಒಂದೇ ಪ್ರೋಟೀನನ್ನು, ಎತ್ತಿಕೊಂಡಿದ್ದಾರೆ.

ವೈದ್ಯೆ: ಆರು ತಿಂಗಳೊಳಗಿನ ಕೂಸಿಗೆ ಮೊದಲು ಮೂಗು ಸೋರಿ, ಎರಡು ಮೂರು ದಿನಗಳಲ್ಲಿ ದಮ್ಮು ಹತ್ತಿ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೆಳೆಯತೊಡಗಿ, ಹಾಲು ಕುಡಿಯಲೂ ಆಗದ ಸ್ಥಿತಿ ಬಂದಿದ್ದರೆ, ಅದು ಬಹುಮಟ್ಟಿಗೆ ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದೊಳಗಿನ ಅತಿ ಸಣ್ಣ ಗಾಳಿನಾಳಗಳ ಉರಿಯೂತ, ಎಂದು ವೈದ್ಯರು ಗುರುತಿಸುತ್ತಾರೆ; ಅದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಚಿಕ್ಕದಾಗಿ ಆರ್‌ಎಸ್‌ವಿ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ತಗಲುವ ಈ ವೈರಸ್ಸು ಬಹುಪಾಲು ಮಕ್ಕಳಲ್ಲಿ ನೆಗಡಿಯಂತೆ ಬಂದು ಹೋಗುತ್ತದೆಯಾದರೂ, 2019ನೆಯ ಇಸವಿಯ ಜಾಗತಿಕ ಅಂದಾಜಿನಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಆ ಒಂದೇ ವರ್ಷದಲ್ಲಿ ಸುಮಾರು 3.3 ಕೋಟಿ ಸಲ ಶ್ವಾಸಕೋಶದ ಸೋಂಕನ್ನು ಉಂಟುಮಾಡಿ, 36 ಲಕ್ಷ ಸಲ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಂತೆ ಮಾಡಿ, ಒಂದು ಲಕ್ಷಕ್ಕೂ ಮಿಕ್ಕಿ ಸಾವುಗಳಿಗೆ ಕಾರಣವಾಯಿತು. ಆಸ್ಪತ್ರೆಯಲ್ಲಿ ಆ ಕೂಸಿಗೆ ಸಿಗುವುದು ಆಮ್ಲಜನಕ, ಮೂಗಿನ ಲೋಳೆಯನ್ನು ಹೀರಿ ತೆಗೆಯುವ ಆರೈಕೆ, ಬಾಯಿಯಿಂದ ಕುಡಿಯಲಾಗದಿದ್ದರೆ ನಳಿಕೆಯ ಮೂಲಕ ಹಾಲು ಅಥವಾ ರಕ್ತನಾಳಕ್ಕೆ ದ್ರವ. ಇವುಗಳಲ್ಲಿ ಯಾವುದೂ ವೈರಸ್ಸನ್ನು ಮುಟ್ಟುವುದಿಲ್ಲ. ಹೀಗಿರುವಾಗ, ಒಂದು ಪ್ರೋಟೀನಿನ ಆಕಾರವನ್ನು ಅಳೆಯುವುದರಲ್ಲಿ ದಶಕಗಳನ್ನು ಕಳೆಯುವ ವಿಜ್ಞಾನವು ಆ ಕೂಸಿನ ಹಾಸಿಗೆಯ ಬಳಿಗೆ ಬರುವುದು ಹೇಗೆ?

ವಿಜ್ಞಾನಿ: ವೈರಸ್ಸು ಮಾಡುವ ಪ್ರತಿಯೊಂದು ಕೆಲಸವನ್ನೂ ಮಾಡುವುದು ಅದರ ಪ್ರೋಟೀನುಗಳು, ಔಷಧವಾಗಲಿ ಪ್ರತಿಕಾಯವಾಗಲಿ ಹೋಗಿ ಹಿಡಿಯಬೇಕಾದದ್ದು ಅವುಗಳನ್ನೇ. ಆರ್‌ಎಸ್‌ವಿಯ ಆನುವಂಶಿಕ ಸಾಮಗ್ರಿ ಸುಮಾರು 15,200 ಅಕ್ಷರಗಳಷ್ಟು ಉದ್ದದ ಒಂಟಿ ಎಳೆಯ ಆರ್‌ಎನ್‌ಎ. ಅದರಲ್ಲಿರುವುದು ಹತ್ತು ಜೀನುಗಳು, ಅವುಗಳಿಂದ ತಯಾರಾಗುವುದು ಹನ್ನೊಂದು ಪ್ರೋಟೀನುಗಳು. ಮನುಷ್ಯನ ಕೋಶವೊಂದರಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಹಂಚಿಕೊಂಡು ಮಾಡುವ ಕೆಲಸಗಳ ಮುಂದೆ ಈ ಹನ್ನೊಂದರ ಸಂಸಾರ ತೀರ ಚಿಕ್ಕದು, ಆದ್ದರಿಂದಲೇ ಅವುಗಳಲ್ಲಿ ಅತ್ಯಗತ್ಯವಾದ ಕೆಲಸವೊಂದು ತಪ್ಪಿದರೆ ವೈರಸ್ಸಿಗೆ ಬದಲಿ ದಾರಿ ಇರುವುದಿಲ್ಲ. ಎನ್, ಪಿ, ಎಲ್ ಎಂಬ ಅಕ್ಷರಗಳಿಂದ ಕರೆಯಲಾಗುವ ಪ್ರೋಟೀನುಗಳು ಆರ್‌ಎನ್‌ಎಯನ್ನು ಹೊದಿಸಿ ಕಾಪಾಡುವ, ಅದರ ಪ್ರತಿಗಳನ್ನು ತೆಗೆಯುವ ಕೆಲಸದಲ್ಲಿ ತೊಡಗಿರುತ್ತವೆ. ಎನ್‌ಎಸ್1 ಮತ್ತು ಎನ್‌ಎಸ್2 ಎಂಬವು ಸೋಂಕು ತಗಲಿದ ಕೋಶವು ಅಪಾಯದ ಸುದ್ದಿಯನ್ನು ನೆರೆಯ ಕೋಶಗಳಿಗೆ ಮುಟ್ಟಿಸದಂತೆ ತಡೆಯುತ್ತವೆ. ಹೊರಮೈಯಲ್ಲಿ ಎದ್ದು ಕಾಣುವವು ಎರಡು: ಕೋಶಕ್ಕೆ ಅಂಟಿಕೊಳ್ಳಲು ನೆರವಾಗುವ ಜಿ ಪ್ರೋಟೀನು, ವೈರಸ್ಸಿನ ಪೊರೆಯನ್ನು ಕೋಶದ ಪೊರೆಯೊಂದಿಗೆ ಬೆಸೆಯುವ ಎಫ್ ಪ್ರೋಟೀನು. ಜಿ ಪ್ರೋಟೀನಿನ ಮೈಮೇಲೆ ಸಕ್ಕರೆಯ ಅಣುಗಳು ದಟ್ಟವಾಗಿ ಹೊದ್ದುಕೊಂಡಿರುತ್ತವೆ, ಅದರ ಬಹುಭಾಗ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ; ಎಫ್ ಪ್ರೋಟೀನು ಹಾಗಲ್ಲ, ವೈರಸ್ಸಿನ ಎ ಮತ್ತು ಬಿ ಎಂಬ ಎರಡೂ ಉಪಗುಂಪುಗಳಲ್ಲಿ ಅದು ಬಹುಮಟ್ಟಿಗೆ ಒಂದೇ ಬಗೆಯದು. ಪೊರೆಗಳನ್ನು ಬೆಸೆಯದೆ ಒಳಹೋಗುವಂತಿಲ್ಲವಾದ್ದರಿಂದ, ಎಫ್ ಪ್ರೋಟೀನನ್ನು ತಡೆದರೆ ಸೋಂಕು ಕೋಶದ ಬಾಗಿಲಲ್ಲೇ ನಿಲ್ಲುತ್ತದೆ. ಸೋಂಕಿತ ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಹಲವು ಕೋಶಕೇಂದ್ರಗಳುಳ್ಳ ದೊಡ್ಡ ಮುದ್ದೆಗಳಾಗುವುದು ಕೂಡ ಇದೇ ಪ್ರೋಟೀನಿನಿಂದ. ಆ ಮುದ್ದೆಗೆ ಸಿನ್ಸಿಷಿಯಮ್ ಎಂದು ಹೆಸರು, ವೈರಸ್ಸಿನ ಹೆಸರಿನ ನಡುವಣ ಭಾಗ ಅಲ್ಲಿಂದ ಬಂದದ್ದು.

ವೈದ್ಯೆ: ಆದರೆ ಈ ವೈರಸ್ಸು ಇತ್ತೀಚೆಗೆ ಸಿಕ್ಕಿದ್ದೇನೂ ಅಲ್ಲ. ಅಮೆರಿಕದಲ್ಲಿ ನೆಗಡಿ ಹಿಡಿದ ಚಿಂಪಾಂಜಿಗಳಿಂದ ಅದನ್ನು ಬೇರ್ಪಡಿಸಿದ ವರದಿ ಪ್ರಕಟವಾದದ್ದು 1956ರಲ್ಲಿ. ಅದೇ ವೈರಸ್ಸು ಉಸಿರಾಟದ ಕಾಯಿಲೆಯಿಂದ ನರಳುವ ಶಿಶುಗಳಲ್ಲೂ ಇದೆಯೆಂದು ರಾಬರ್ಟ್ ಚಾನಕ್ ಮತ್ತು ಸಂಗಡಿಗರು ತೋರಿಸಿದ್ದು ಅದರ ಮರುವರ್ಷ. ಅದಾದ ಹತ್ತು ವರ್ಷಗಳೊಳಗೆ ಲಸಿಕೆಯೂ ಸಿದ್ಧವಾಗಿತ್ತು. ಆ ಲಸಿಕೆಯ ಕಥೆಯನ್ನು ಮಕ್ಕಳ ವೈದ್ಯಶಾಸ್ತ್ರ ಇಂದಿಗೂ ನೋವಿನಿಂದಲೇ ನೆನೆಯುತ್ತದೆ.

ವಿಜ್ಞಾನಿ: ಆ ಕಥೆಯನ್ನು ಪೂರ್ತಿಯಾಗಿ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಪೋಲಿಯೋ ವಿರುದ್ಧ ಸಾಕ್ ಅವರ ಲಸಿಕೆ ಗೆದ್ದಿದ್ದ ಕಾಲವದು. ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ ದ್ರಾವಣದಿಂದ ಅದನ್ನು ನಿಷ್ಕ್ರಿಯಗೊಳಿಸಿ ಚುಚ್ಚಿದರೆ ದೇಹವು ಅದನ್ನು ಗುರುತಿಸಲು ಕಲಿಯುತ್ತದೆ ಎಂಬ ನಂಬಿಕೆಗೆ ಒಳ್ಳೆಯ ಆಧಾರವೇ ಇತ್ತು. 1966ರಲ್ಲಿ ಅದೇ ವಿಧಾನದಿಂದ ತಯಾರಾದ ಆರ್‌ಎಸ್‌ವಿ ಲಸಿಕೆಯನ್ನು ಶಿಶುಗಳಿಗೆ ಕೊಡಲಾಯಿತು. ವಾಷಿಂಗ್ಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಲಸಿಕೆ ಪಡೆದ 31 ಶಿಶುಗಳ ಪೈಕಿ 20 ಶಿಶುಗಳಿಗೆ ಮುಂದಿನ ಋತುವಿನಲ್ಲಿ ಸೋಂಕು ತಗಲಿತು. ಆ ಇಪ್ಪತ್ತರಲ್ಲಿ 16 ಶಿಶುಗಳನ್ನು, ಅಂದರೆ ಶೇ. 80ರಷ್ಟು ಶಿಶುಗಳನ್ನು, ಆಸ್ಪತ್ರೆಗೆ ಸೇರಿಸಬೇಕಾಯಿತು, ಎರಡು ಶಿಶುಗಳು ತೀರಿಕೊಂಡವು. ಹೋಲಿಕೆಗೆಂದು ಬೇರೊಂದು ಲಸಿಕೆ ಪಡೆದ ಗುಂಪಿನಲ್ಲಿ ಸೋಂಕು ತಗಲಿದವರ ಪೈಕಿ ಆಸ್ಪತ್ರೆ ಸೇರಿದವರು ಶೇ. 5 ಮಾತ್ರ. ಕಾಪಾಡಲೆಂದು ಕೊಟ್ಟ ಲಸಿಕೆಯು ಕಾಯಿಲೆಯನ್ನು ಉಲ್ಬಣಗೊಳಿಸಿತ್ತು. ಆ ಬಳಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ವೈರಸ್ಸಿಗೆ ಲಸಿಕೆಯೊಂದು ಬಳಕೆಗೆ ಬರಲಿಲ್ಲ.

ವೈದ್ಯೆ: ಲಸಿಕೆ ಪಡೆದ ಆ ಶಿಶುಗಳ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದ್ದವು ಎಂಬುದೂ ದಾಖಲಾಗಿದೆ. ಪ್ರತಿಕಾಯಗಳಿದ್ದೂ ಅವು ಕಾಪಾಡದೆ ಹೋದುದೇಕೆ?

ವಿಜ್ಞಾನಿ: ಪ್ರತಿಕಾಯವೆಂದರೆ ಹೊರಗಿನ ವಸ್ತುವೊಂದರ ಮೇಲ್ಮೈಯ ನಿರ್ದಿಷ್ಟ ತಾಣಕ್ಕೆ ಕಚ್ಚಿಕೊಳ್ಳುವಂತೆ ದೇಹ ತಯಾರಿಸುವ ಪ್ರೋಟೀನು, ಕಚ್ಚಿಕೊಂಡದ್ದೆಲ್ಲ ಕೆಲಸ ನಿಲ್ಲಿಸುತ್ತದೆ ಎಂದೇನೂ ಇಲ್ಲ. ಆ ಶಿಶುಗಳಲ್ಲಿ ಹುಟ್ಟಿದ ಪ್ರತಿಕಾಯಗಳು ಎಫ್ ಪ್ರೋಟೀನಿಗೆ ಅಂಟಿಕೊಳ್ಳುತ್ತಿದ್ದವು, ಆದರೆ ವೈರಸ್ಸು ಕೋಶದೊಳಗೆ ಹೋಗುವುದನ್ನು ತಡೆಯುವ ಬಲ ಅವುಗಳಿಗೆ ಬಹಳ ಕಡಿಮೆಯಿತ್ತು. ವೈರಸ್ಸನ್ನು ತಡೆಯಲಾರದೆ ಅದರೊಂದಿಗೆ ಜೋಡಿಯಾದ ಪ್ರತಿಕಾಯಗಳ ಗೊಂಚಲುಗಳು ಶ್ವಾಸಕೋಶದಲ್ಲಿ ನೆಲೆಸಿ ಉರಿಯೂತವನ್ನು ಹೆಚ್ಚಿಸಿದವು. ರಕ್ಷಣೆಯ ಜೀವಕೋಶಗಳ ಪ್ರತಿಕ್ರಿಯೆಯೂ ಅಲರ್ಜಿಯ ಬಗೆಯ ತಪ್ಪು ದಾರಿ ಹಿಡಿಯಿತು. ಹೀಗೆ ಕಾರಣಗಳು ಹಲವಾದರೂ, ಅವುಗಳ ಬುಡದಲ್ಲಿ ಇರುವುದು ಎಫ್ ಪ್ರೋಟೀನಿನ ಒಂದು ಗುಣ, ಅದು ಆಗ ಯಾರಿಗೂ ತಿಳಿದಿರಲಿಲ್ಲ.

ಎಫ್ ಪ್ರೋಟೀನು 574 ಅಮೈನೋ ಆಮ್ಲಗಳ ಸರಪಣಿಯಾಗಿ ತಯಾರಾಗುತ್ತದೆ. ಕೋಶದಲ್ಲೇ ಇರುವ ಫ್ಯೂರಿನ್ ಎಂಬ ಕಿಣ್ವ ಅದನ್ನು ಎರಡು ಕಡೆ ಕತ್ತರಿಸಿ ನಡುವಿನ 27 ಅಮೈನೋ ಆಮ್ಲಗಳ ತುಣುಕನ್ನು ಬಿಡಿಸಿದ ಮೇಲೆ, ಅಂಥ ಮೂರು ಘಟಕಗಳು ಒಟ್ಟುಗೂಡಿ ವೈರಸ್ಸಿನ ಪೊರೆಯಿಂದ ಮೇಲೆದ್ದ ಒಂದು ಮೊಟಕಾದ, ತುದಿ ದುಂಡಗಿರುವ ರಚನೆಯಾಗುತ್ತವೆ. ಇದನ್ನು ಬೆಸುಗೆಪೂರ್ವ ರೂಪ ಎನ್ನಬಹುದು. ಹೆದೆಯೇರಿಸಿ ಬಾಣ ಹೂಡಿದ ಬಿಲ್ಲಿನಂತೆ ಆ ರೂಪದಲ್ಲಿ ಶಕ್ತಿ ಬಿಗಿದು ನಿಂತಿರುತ್ತದೆ. ಅದು ಬಿಟ್ಟುಕೊಂಡ ಕ್ಷಣದಲ್ಲಿ ಒಳಗೆ ಅಡಗಿದ್ದ ಒಂದು ಎಳೆ ಮೇಲಕ್ಕೆ ಚಾಚಿ ಕೋಶದ ಪೊರೆಯಲ್ಲಿ ನಾಟಿಕೊಂಡು, ಆಮೇಲೆ ಇಡೀ ಪ್ರೋಟೀನು ತನ್ನ ಮೇಲೆಯೇ ಮಡಿಚಿಕೊಂಡು ಎರಡು ಪೊರೆಗಳನ್ನೂ ಹತ್ತಿರಕ್ಕೆಳೆದು ಬೆಸೆಯುತ್ತದೆ. ಕೆಲಸ ಮುಗಿದ ಮೇಲೆ ಉಳಿಯುವುದು ಉದ್ದನೆಯ, ಬಹಳ ಗಟ್ಟಿಯಾದ ಇನ್ನೊಂದು ರೂಪ, ಬೆಸುಗೆಯ ನಂತರದ್ದು. ಅಲ್ಲಿಂದ ಮೊದಲಿನ ರೂಪಕ್ಕೆ ಮರಳುವ ದಾರಿಯಿಲ್ಲ. ಇಲ್ಲಿ ಗಮನಿಸಬೇಕಾದದ್ದೆಂದರೆ, ಈ ಬದಲಾವಣೆ ಕೋಶದ ಸಂಪರ್ಕ ಬಂದಾಗ ಮಾತ್ರ ಆಗುವುದಿಲ್ಲ. ಶುದ್ಧೀಕರಿಸುವಾಗ, ಬಿಸಿ ತಗಲಿದಾಗ, ಸುಮ್ಮನೆ ಇಟ್ಟಿದ್ದರೂ ಸಹ ಪ್ರೋಟೀನು ತಾನಾಗಿಯೇ ಎರಡನೆಯ ರೂಪಕ್ಕೆ ಜಾರಿಬಿಡುತ್ತದೆ. 1966ರ ಲಸಿಕೆಯಲ್ಲಿ ಇದ್ದ ಎಫ್ ಪ್ರೋಟೀನು ಬಹುತೇಕ ಈ ಎರಡನೆಯ ರೂಪದ್ದೇ ಆಗಿತ್ತೆಂದು ಮುಂದೆ ಅದೇ ವಿಧಾನದಿಂದ ತಯಾರಿಸಿದ ಲಸಿಕೆಯನ್ನು ಪರೀಕ್ಷಿಸಿದಾಗ ತೋರಿಬಂತು. ದೇಹವು ಕಲಿತದ್ದು ಕೆಲಸ ಮುಗಿಸಿದ ಪ್ರೋಟೀನನ್ನು ಗುರುತಿಸಲು; ತಡೆಯಬೇಕಾಗಿದ್ದುದು ಕೆಲಸಕ್ಕೆ ಅಣಿಯಾಗಿ ನಿಂತ ಪ್ರೋಟೀನನ್ನು.

ವೈದ್ಯೆ: ಒಂದೇ ಅಮೈನೋ ಆಮ್ಲಗಳ ಸರಪಣಿ, ಒಂದೇ ಹೆಸರು, ಆದರೂ ರೋಗನಿರೋಧಕ ವ್ಯವಸ್ಥೆಯ ಮಟ್ಟಿಗೆ ಅವು ಎರಡು ಬೇರೆ ವಸ್ತುಗಳು ಎಂದಾಯಿತು. ಆದರೆ ಹಿಡಿಯಹೋದರೆ ಜಾರುವ ರೂಪವನ್ನು ಕಂಡವರಾದರೂ ಹೇಗೆ ಕಂಡರು?

ವಿಜ್ಞಾನಿ: ಅದೇ ಈ ಇಡೀ ಪ್ರಯತ್ನದ ಅತ್ಯಂತ ಕಠಿಣವಾದ ಭಾಗ. ಪ್ರೋಟೀನಿನ ರಚನೆಯನ್ನು ತಿಳಿಯುವ ಮುಖ್ಯ ವಿಧಾನಗಳಲ್ಲೊಂದಾದ ಎಕ್ಸ್-ರೇ ಸ್ಫಟಿಕವಿಜ್ಞಾನದಲ್ಲಿ, ಕೋಟ್ಯಂತರ ಅಣುಗಳು ಒಂದೇ ಭಂಗಿಯಲ್ಲಿ ಸಾಲುಗಟ್ಟಿ ಕುಳಿತ ಹರಳನ್ನು ಬೆಳೆಸಿ, ಅದರ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ, ಅವು ಚದುರುವ ವಿನ್ಯಾಸದಿಂದ ಒಂದೊಂದು ಭಾಗವೂ ಎಲ್ಲಿದೆಯೆಂದು ಲೆಕ್ಕ ಹಾಕಲಾಗುತ್ತದೆ. ಎಲ್ಲ ಅಣುಗಳೂ ಒಂದೇ ರೂಪದಲ್ಲಿ ನಿಲ್ಲದಿದ್ದರೆ ಹರಳಾಗುವುದೇ ಇಲ್ಲ. ಆದ್ದರಿಂದಲೇ ಮೊದಲು, 2011ರಲ್ಲಿ, ಸಿಕ್ಕಿದ್ದು ಬೆಸುಗೆಯ ನಂತರದ ಗಟ್ಟಿ ರೂಪದ ರಚನೆ. ಬೆಸುಗೆಪೂರ್ವ ರೂಪವನ್ನು ಹಿಡಿಯಲು ದಾರಿ ತೋರಿಸಿದ್ದು ಮನುಷ್ಯರ ರಕ್ತವೇ. ವಯಸ್ಕರೆಲ್ಲರೂ ಈ ವೈರಸ್ಸಿಗೆ ಮತ್ತೆ ಮತ್ತೆ ಒಡ್ಡಿಕೊಂಡಿರುವುದರಿಂದ ಅವರ ರಕ್ತದಲ್ಲಿ ಅದನ್ನು ತಡೆಯುವ ಪ್ರತಿಕಾಯಗಳಿರುತ್ತವೆ. ಆ ತಡೆಯುವ ಶಕ್ತಿಯ ಬಹುಪಾಲು ಬೆಸುಗೆಪೂರ್ವ ರೂಪಕ್ಕೆ ಮಾತ್ರ ಅಂಟುವ ಪ್ರತಿಕಾಯಗಳದ್ದೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂಥ ಪ್ರತಿಕಾಯಗಳಲ್ಲೊಂದಾದ, ನೆದರ್‌ಲ್ಯಾಂಡ್ಸಿನಲ್ಲಿ ಬೇರ್ಪಡಿಸಲಾದ ಡಿ25 ಎಂಬುದನ್ನು ಎಫ್ ಪ್ರೋಟೀನಿಗೆ ಕಚ್ಚಿಸಿದರೆ ಅದು ಪ್ರೋಟೀನನ್ನು ಮೊದಲ ರೂಪದಲ್ಲೇ ಹಿಡಿದು ನಿಲ್ಲಿಸುತ್ತದೆ. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಲಸಿಕೆ ಸಂಶೋಧನಾ ಕೇಂದ್ರದಲ್ಲಿ ಜೇಸನ್ ಮೆಕ್ಲೆಲನ್, ಪೀಟರ್ ಕ್ವಾಂಗ್, ಬಾರ್ನಿ ಗ್ರಹಾಂ ಮತ್ತು ಸಂಗಡಿಗರು ಆ ಜೋಡಿಯ ಹರಳು ಬೆಳೆಸಿ, ಅದರ ರಚನೆಯನ್ನು 2013ರ ಮೇ ತಿಂಗಳಲ್ಲಿ ಪ್ರಕಟಿಸಿದರು.

ಆ ಚಿತ್ರದ ಸ್ಪಷ್ಟತೆ 3.6 ಆಂಗ್‌ಸ್ಟ್ರಮ್; ಒಂದು ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಒಂದು ಕೋಟಿ ಭಾಗಗಳಲ್ಲಿ ಒಂದು. ಈ ಮಟ್ಟದಲ್ಲಿ ಸರಪಣಿಯ ಓಟ ಚೆನ್ನಾಗಿ ಕಾಣುತ್ತದೆ, ಬಿಡಿ ಪರಮಾಣುಗಳು ಕಾಣುವುದಿಲ್ಲ. ಹಾಗಾಗಿ ಕಟ್ಟಿದ ಮಾದರಿ ಭೌತಿಕವಾಗಿ ಸಾಧ್ಯವಾದದ್ದೇ ಎಂದು ಬೇರೆ ರೀತಿಯಲ್ಲಿ ಪರೀಕ್ಷಿಸುವುದು ಅನಿವಾರ್ಯ. ಆ ಪರೀಕ್ಷೆಗಳಲ್ಲಿ ಇಂದಿಗೂ ತಪ್ಪದೆ ಬಳಕೆಯಾಗುವ ಒಂದು ನಕ್ಷೆ ಭಾರತದ್ದು. ಪ್ರೋಟೀನಿನ ಸರಪಣಿ ಪ್ರತಿ ಗೆಣ್ಣಿನಲ್ಲೂ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಕಿ ತಿರುಗಲಾರದು ಎಂಬುದನ್ನು ಜಿ. ಎನ್. ರಾಮಚಂದ್ರನ್ ಅವರು ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಂದಿಗೆ ಲೆಕ್ಕ ಹಾಕಿ 1963ರಲ್ಲಿ ಪ್ರಕಟಿಸಿದರು; ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಯಾವ ವೈರಸ್ಸಿನ ಪ್ರೋಟೀನಿನ ರಚನೆ ಸಿದ್ಧವಾದರೂ ಅದು ರಾಮಚಂದ್ರನ್ ನಕ್ಷೆಯ ಮುಂದೆ ನಿಂತು ಹೋಗಬೇಕು ಎಂಬುದನ್ನು ಇಲ್ಲಿಯ ಓದುಗರು ನೆನಪಿಡುವುದು ನ್ಯಾಯವಾದದ್ದು.

ವೈದ್ಯೆ: ಆ ರಚನೆಯಲ್ಲಿ ಕಂಡದ್ದೇನು?

ವಿಜ್ಞಾನಿ: ಪ್ರೋಟೀನಿನ ನೆತ್ತಿಯಲ್ಲಿ, ಡಿ25 ಕಚ್ಚಿಕೊಂಡಿದ್ದ ಜಾಗದಲ್ಲಿ, ಅದುವರೆಗೆ ಯಾವ ನಕ್ಷೆಯಲ್ಲೂ ಇಲ್ಲದಿದ್ದ ತಾಣವೊಂದು ಕಂಡಿತು, ಹಳೆಯ ತಾಣಗಳಿಗೆ ಒಂದು, ಎರಡು ಎಂದು ಆಗಲೇ ಸಂಖ್ಯೆಗಳಿದ್ದುದರಿಂದ ಇದಕ್ಕೆ ಸೊನ್ನೆಯ ತಾಣ ಎಂದು ಹೆಸರಿಟ್ಟರು. ಬೆಸುಗೆಯಾಗುವಾಗ ಆ ತಾಣದ ತುಣುಕುಗಳು ಚದುರಿಹೋಗುವುದರಿಂದ ಎರಡನೆಯ ರೂಪದಲ್ಲಿ ಅದು ಇಲ್ಲವೇ ಇಲ್ಲ. ವೈರಸ್ಸನ್ನು ಅತ್ಯಂತ ಬಲವಾಗಿ ತಡೆಯುವ ಪ್ರತಿಕಾಯಗಳಲ್ಲಿ ಹಲವು ಹೋಗಿ ಕೂರುವುದು ಅಲ್ಲಿಯೇ. ಐವತ್ತು ವರ್ಷ ಯಾಕೆ ಸೋಲಾಯಿತು ಎಂಬುದಕ್ಕೆ ಒಂದು ಚಿತ್ರದಲ್ಲಿ ಇಷ್ಟು ನೇರವಾದ ಉತ್ತರ ಸಿಗುವುದು ವಿಜ್ಞಾನದಲ್ಲಿ ಅಪರೂಪ.

ವೈದ್ಯೆ: ಚಿತ್ರದಿಂದ ಕಾಯಿಲೆ ವಾಸಿಯಾಗುವುದಿಲ್ಲ.

ವಿಜ್ಞಾನಿ: ನಿಜ, ಆದರೆ ಎಲ್ಲಿ ಕೈ ಹಾಕಬೇಕೆಂದು ಚಿತ್ರ ತಿಳಿಸುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಅದೇ ತಂಡ ಪ್ರಕಟಿಸಿದ ಎರಡನೆಯ ಪ್ರಬಂಧದಲ್ಲಿ, ಪ್ರತಿಕಾಯದ ನೆರವಿಲ್ಲದೆ ತಾನೇ ಮೊದಲ ರೂಪದಲ್ಲಿ ನಿಲ್ಲುವಂತೆ ತಿದ್ದಿದ ಎಫ್ ಪ್ರೋಟೀನಿನ ವಿವರವಿತ್ತು. ಬೆಸುಗೆಪೂರ್ವ ರೂಪದಲ್ಲಿ ಹತ್ತಿರವಿದ್ದು, ಬೆಸುಗೆಯ ನಂತರ ದೂರ ಸರಿಯುವ 155 ಮತ್ತು 290ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳನ್ನು ಕೂರಿಸಿದರೆ, ಅವೆರಡರ ಗಂಧಕದ ಪರಮಾಣುಗಳು ಪರಸ್ಪರ ಬಂಧ ಬೆಳೆಸಿ ಆ ಎರಡು ಭಾಗಗಳನ್ನು ದೂರವಾಗಲು ಬಿಡುವುದಿಲ್ಲ. ಜೊತೆಗೆ, ಪ್ರೋಟೀನಿನ ಒಳಗೆ ಟೊಳ್ಳಾಗಿ ಕಂಡ ಜಾಗವೊಂದನ್ನು 190 ಮತ್ತು 207ನೆಯ ಸ್ಥಾನಗಳಲ್ಲಿ ಹೆಚ್ಚು ದಪ್ಪನೆಯ ಅಮೈನೋ ಆಮ್ಲಗಳನ್ನಿಟ್ಟು ತುಂಬಿದರೆ ರಚನೆ ಅಲುಗಾಡುವುದು ಕಡಿಮೆಯಾಗುತ್ತದೆ. ನೂರಕ್ಕೂ ಹೆಚ್ಚು ಬದಲಾವಣೆಗಳನ್ನು ಪರೀಕ್ಷಿಸಿದ ಮೇಲೆ ಆಯ್ದುಕೊಂಡ ಈ ರೂಪಕ್ಕೆ ಡಿಎಸ್-ಕ್ಯಾವ್1 ಎಂದು ಹೆಸರಾಯಿತು. ಇಲಿಗಳಲ್ಲೂ ಕೋತಿಗಳಲ್ಲೂ ಅದು ಬೆಸುಗೆಯ ನಂತರದ ರೂಪಕ್ಕಿಂತ ಎಷ್ಟೋ ಪಟ್ಟು ಬಲವಾದ ಪ್ರತಿಕಾಯಗಳನ್ನು ಹುಟ್ಟಿಸಿತು. 2019ರಲ್ಲಿ ವರದಿಯಾದ ಮನುಷ್ಯರ ಮೊದಲ ಹಂತದ ಪ್ರಯೋಗದಲ್ಲೂ ವೈರಸ್ಸನ್ನು ತಡೆಯುವ ಶಕ್ತಿ ಹತ್ತು ಪಟ್ಟಿನವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು, ಏರಿತು.

ಅಲ್ಲಿಂದ ಮುಂದಿನದು ವೇಗವಾಗಿ ಸಾಗಿತು. ಬೆಸುಗೆಪೂರ್ವ ರೂಪದಲ್ಲಿ ಬಿಗಿದಿಟ್ಟ ಎಫ್ ಪ್ರೋಟೀನನ್ನು ಆಧರಿಸಿದ ಅರೆಕ್ಸ್‌ವಿ ಎಂಬ ಲಸಿಕೆಗೆ ವಯಸ್ಸಾದವರಿಗಾಗಿ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು; ಅದೇ ತಿಂಗಳ ಕೊನೆಗೆ ಅಬ್ರಿಸ್ವೊ ಎಂಬ ಇನ್ನೊಂದಕ್ಕೆ ಒಪ್ಪಿಗೆ ಸಿಕ್ಕಿ, ಆಗಸ್ಟ್ ತಿಂಗಳಲ್ಲಿ ಅದನ್ನು ಗರ್ಭಿಣಿಯರಿಗೂ ವಿಸ್ತರಿಸಲಾಯಿತು. ತಾಯಿಗೆ ಚುಚ್ಚಿದರೆ ಅವಳಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸು ಅಥವಾ ಸೆತ್ತೆಯ ಮೂಲಕ ಮಗುವಿಗೆ ಹರಿದು, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ; ಪ್ರಯೋಗದಲ್ಲಿ ಮೊದಲ 90 ದಿನಗಳ ತೀವ್ರ ಕಾಯಿಲೆ ಸುಮಾರು ಶೇ. 82ರಷ್ಟು ಕಡಿಮೆಯಾಯಿತು.

ವೈದ್ಯೆ: ಆದರೆ ಎಚ್ಚರಿಕೆಯ ಮಾತುಗಳನ್ನು ಇಲ್ಲಿ ಬಿಟ್ಟುಬಿಡುವಂತಿಲ್ಲ. ಗರ್ಭಿಣಿಯರಿಗೆಂದು ಇನ್ನೊಂದು ಕಂಪನಿ ಪ್ರಯೋಗಿಸುತ್ತಿದ್ದ ಲಸಿಕೆಯಲ್ಲಿ ಅವಧಿಗೆ ಮುಂಚಿನ ಹೆರಿಗೆಗಳು ಹೆಚ್ಚಾಗಿ ಕಂಡದ್ದರಿಂದ 2022ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅಬ್ರಿಸ್ವೊವನ್ನು ಅಮೆರಿಕದಲ್ಲಿ ಗರ್ಭದ 32ರಿಂದ 36ನೆಯ ವಾರಗಳಿಗೆ ಮಿತಿಗೊಳಿಸಿರುವುದಕ್ಕೂ ಅದೇ ಆತಂಕ ಹಿನ್ನೆಲೆ. 2024ರಲ್ಲಿ ಶಿಶುಗಳಿಗೇ ನೇರವಾಗಿ ಕೊಟ್ಟ ಎಂಆರ್‌ಎನ್‌ಎ ಲಸಿಕೆಯ ಪ್ರಯೋಗದಲ್ಲಿ ಲಸಿಕೆ ಪಡೆದವರಲ್ಲೇ ತೀವ್ರ ಕಾಯಿಲೆಯ ಪ್ರಕರಣಗಳು ಹೆಚ್ಚಾಗಿ ಕಂಡು, ಅದನ್ನೂ ನಿಲ್ಲಿಸಲಾಯಿತು. ಆ ಲಸಿಕೆಯಲ್ಲಿದ್ದುದು ಬೆಸುಗೆಪೂರ್ವ ರೂಪವೇ. ರೂಪ ಸರಿಯಾಗಿದ್ದರೆ ಎಲ್ಲವೂ ಸರಿಯಾಗುತ್ತದೆ ಎಂಬ ಭರವಸೆಗೆ ಅದು ಮಿತಿ ಹಾಕಿತು.

ವಿಜ್ಞಾನಿ: ಆ ಮಿತಿಯನ್ನು ಒಪ್ಪಲೇಬೇಕು. ಸೋಂಕನ್ನೇ ಕಾಣದ ಎಳೆಯ ಶಿಶುವಿನ ರೋಗನಿರೋಧಕ ವ್ಯವಸ್ಥೆಗೆ ಮೊದಲ ಪಾಠವನ್ನು ಹೇಗೆ ಕಲಿಸಬೇಕು ಎಂಬುದು ಪ್ರೋಟೀನಿನ ರಚನೆಯೊಂದರಿಂದಲೇ ತೀರ್ಮಾನವಾಗುವ ವಿಷಯವಲ್ಲ. ಆದ್ದರಿಂದಲೇ ಶಿಶುಗಳಿಗೆ ಸದ್ಯ ಕೊಡುತ್ತಿರುವುದು ಪಾಠವಲ್ಲ, ಸಿದ್ಧ ಪ್ರತಿಕಾಯ.

ವೈದ್ಯೆ: ಸಿದ್ಧ ಪ್ರತಿಕಾಯದ ದಾರಿಯೂ ಹಳೆಯದೇ. ಪಲಿವಿಜುಮ್ಯಾಬ್ ಎಂಬುದಕ್ಕೆ 1998ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅವಧಿಗೆ ಮುಂಚೆ ಹುಟ್ಟಿದ ಮತ್ತು ಶ್ವಾಸಕೋಶದ ದೀರ್ಘ ತೊಂದರೆಯಿದ್ದ ಮಕ್ಕಳ ಪ್ರಯೋಗದಲ್ಲಿ ಅದು ಆಸ್ಪತ್ರೆ ಸೇರುವವರ ಪ್ರಮಾಣವನ್ನು ಶೇ. 10.6ರಿಂದ ಶೇ. 4.8ಕ್ಕೆ ಇಳಿಸಿತು. ಆದರೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 15 ಮಿಲಿಗ್ರಾಮಿನಂತೆ ತಿಂಗಳಿಗೊಮ್ಮೆ, ವೈರಸ್ಸಿನ ಋತು ಮುಗಿಯುವವರೆಗೂ ಚುಚ್ಚಬೇಕಾದ, ಬಹಳ ದುಬಾರಿಯಾದ ಆ ಔಷಧವು ಶ್ರೀಮಂತ ದೇಶಗಳಲ್ಲೂ ಅತಿ ಅಪಾಯದ ಕೆಲವೇ ಮಕ್ಕಳಿಗೆ ಮೀಸಲಾಗಿ ಉಳಿಯಿತು.

ವಿಜ್ಞಾನಿ: ಪಲಿವಿಜುಮ್ಯಾಬ್ ಅಂಟುವ ತಾಣ ಎಫ್ ಪ್ರೋಟೀನಿನ ಎರಡೂ ರೂಪಗಳಲ್ಲಿ ಇರುವಂಥದ್ದು. ಅದರ ಜಾಗಕ್ಕೆ ಬಂದಿರುವ ನಿರ್ಸೆವಿಮ್ಯಾಬ್ ರೂಪುಗೊಂಡದ್ದು ಸೊನ್ನೆಯ ತಾಣವನ್ನು ತೋರಿಸಿಕೊಟ್ಟ ಅದೇ ಡಿ25 ಪ್ರತಿಕಾಯದಿಂದ. ಅದರಲ್ಲಿ ಇನ್ನೊಂದು ಜಾಣ್ಮೆಯೂ ಇದೆ: ಪ್ರತಿಕಾಯದ ಬಾಲದ ಭಾಗದಲ್ಲಿ ಮೂರು ಅಮೈನೋ ಆಮ್ಲಗಳನ್ನು ಬದಲಿಸಿರುವುದರಿಂದ, ಕೋಶಗಳೊಳಗೆ ಹೋದ ಪ್ರತಿಕಾಯ ಅಲ್ಲೇ ಒಡೆದುಹೋಗದೆ ಮತ್ತೆ ರಕ್ತಕ್ಕೆ ಮರಳುವುದು ಹೆಚ್ಚಾಗಿ, ಸಾಮಾನ್ಯವಾಗಿ ಮೂರು ವಾರಗಳಷ್ಟಿರುವ ಅರ್ಧಾಯುಷ್ಯ, ಅಂದರೆ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು 70 ದಿನಗಳಿಗೆ ಏರಿದೆ. ಹಾಗಾಗಿ ಒಂದೇ ಚುಚ್ಚುಮದ್ದು ಕನಿಷ್ಠ ಐದು ತಿಂಗಳು ಕಾಯುತ್ತದೆ. ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರ ಜುಲೈನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅಪಾಯದ ಮಕ್ಕಳಿಗಷ್ಟೇ ಅಲ್ಲದೆ ಆರೋಗ್ಯವಂತ ಶಿಶುಗಳಿಗೂ ಅದನ್ನು ಕೊಡಲಾಗುತ್ತಿದ್ದು, ಸ್ಪೇನಿನ ಗಲಿಸಿಯಾ ಪ್ರಾಂತದಲ್ಲಿ ಬಳಕೆಯ ಮೊದಲ ಋತುವಿನಲ್ಲೇ ಆಸ್ಪತ್ರೆ ಸೇರುವ ಶಿಶುಗಳ ಸಂಖ್ಯೆ ಕಡಿದಾಗಿ ಇಳಿಯಿತು.

ವೈದ್ಯೆ: ವೈರಸ್ಸು ಬದಲಾದರೆ?

ವಿಜ್ಞಾನಿ: ಆ ಪ್ರಶ್ನೆಗೆ ಉತ್ತರವಾಗಿ ಒಂದು ಸೋಲನ್ನೇ ಹೇಳಬೇಕಾಗುತ್ತದೆ. ಸುಪ್ಟಾವುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯ ಪ್ರಯೋಗಾಲಯದಲ್ಲಿ ಬಹಳ ಬಲವಾಗಿತ್ತು, ಅದು ಕೂಡ ಬೆಸುಗೆಪೂರ್ವ ರೂಪಕ್ಕೇ ಅಂಟುವಂಥದ್ದು. ಆದರೆ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಮೇಲಿನ ದೊಡ್ಡ ಪ್ರಯೋಗ 2017ರಲ್ಲಿ ವಿಫಲವಾಯಿತು. ಕಾರಣ ಹುಡುಕಿದಾಗ, ಆ ಹೊತ್ತಿಗೆ ಹರಡಿದ್ದ ಬಿ ಉಪಗುಂಪಿನ ವೈರಸ್ಸಿನಲ್ಲಿ ಪ್ರತಿಕಾಯ ಅಂಟುವ ಜಾಗದ 172 ಮತ್ತು 173ನೆಯ ಅಮೈನೋ ಆಮ್ಲಗಳು ಬದಲಾಗಿದ್ದವು ಎಂದು ತಿಳಿಯಿತು. ಎರಡೇ ಕಡೆಯ ಬದಲಾವಣೆ ವರ್ಷಗಳ ಶ್ರಮವನ್ನು ಅಳಿಸಿತು. ಆದ್ದರಿಂದ ಪ್ರೋಟೀನಿನ ಅಧ್ಯಯನ ಔಷಧ ಸಿದ್ಧವಾದ ದಿನ ಮುಗಿಯುವುದಿಲ್ಲ. ಹರಡುತ್ತಿರುವ ವೈರಸ್ಸಿನ ಎಫ್ ಜೀನನ್ನು ವರ್ಷವರ್ಷವೂ ಓದಿ ನೋಡುತ್ತಲೇ ಇರಬೇಕು, ಅದನ್ನು ಎಲ್ಲ ದೇಶಗಳಲ್ಲೂ ಮಾಡಬೇಕು.

ವೈದ್ಯೆ: ಇಷ್ಟಾದರೂ ಮೊದಲ ಪ್ರಶ್ನೆ ಹಾಗೆಯೇ ಉಳಿದಿದೆ. ಲಸಿಕೆಯೂ ಪ್ರತಿಕಾಯವೂ ಕಾಯಿಲೆ ಬರುವ ಮುನ್ನ ಕೊಡತಕ್ಕವು. ಈಗಾಗಲೇ ಆಮ್ಲಜನಕದ ಮೇಲಿರುವ ಕೂಸಿಗೆ ಪ್ರೋಟೀನಿನ ರಚನೆಯಿಂದ ಸಿಕ್ಕಿದ್ದೇನು? 1980ರ ದಶಕದಲ್ಲಿ ಬಂದ ರಿಬಾವಿರಿನ್ ಎಂಬ, ಮಂಜಿನಂತೆ ಉಸಿರಿಗೆ ಬಿಡುವ ಔಷಧದ ಪ್ರಯೋಜನ ಅನುಮಾನಾಸ್ಪದವಾಗಿಯೇ ಉಳಿದು, ಅದರ ಬಳಕೆ ಈಗ ಬಹಳ ವಿರಳ.

ವಿಜ್ಞಾನಿ: ಸಿಕ್ಕಿರುವುದು ಕಡಿಮೆ ಎಂದು ನೇರವಾಗಿಯೇ ಹೇಳುವುದು ಒಳಿತು. ಬೆಸುಗೆಪೂರ್ವ ಎಫ್ ಪ್ರೋಟೀನಿನ ಮೂರು ಘಟಕಗಳ ನಡುವೆ ಒಂದು ಕುಳಿಯಿದೆ. ಹಲವು ಸಣ್ಣ ರಾಸಾಯನಿಕ ಅಣುಗಳು ಆ ಕುಳಿಯಲ್ಲಿ ಕೂತು ಮೂರೂ ಘಟಕಗಳನ್ನು ಒಟ್ಟಿಗೆ ಹಿಡಿದು, ಪ್ರೋಟೀನು ಬಿಚ್ಚಿಕೊಳ್ಳದಂತೆ ಮಾಡುತ್ತವೆ ಎಂದು 2016ರಲ್ಲಿ ತಿಳಿದುಬಂತು. ಅಂಥ ಅಣುಗಳಲ್ಲಿ ಪ್ರೆಸಾಟೊವಿರ್ ಎಂಬುದು, ಆರೋಗ್ಯವಂತ ವಯಸ್ಕರಿಗೆ ಉದ್ದೇಶಪೂರ್ವಕವಾಗಿ ಸೋಂಕು ತಗಲಿಸಿ ನಡೆಸಿದ ಪ್ರಯೋಗದಲ್ಲಿ ವೈರಸ್ಸಿನ ಪ್ರಮಾಣವನ್ನು ಚೆನ್ನಾಗಿ ಇಳಿಸಿತು, ಆದರೆ ಆಸ್ಪತ್ರೆ ಸೇರಿದ ರೋಗಿಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ವ್ಯತ್ಯಾಸ ಇರುವುದು ಸಮಯದಲ್ಲಿ. ದಮ್ಮು ಹತ್ತಿ ಆಸ್ಪತ್ರೆಗೆ ಬರುವಷ್ಟರಲ್ಲಿ ವೈರಸ್ಸಿನ ಏರಿಕೆ ಬಹುಮಟ್ಟಿಗೆ ಮುಗಿದು, ಕಾಯಿಲೆಯನ್ನು ನಡೆಸುತ್ತಿರುವುದು ಉರಿಯೂತ, ಕಳಚಿದ ಕೋಶಗಳು, ಸಣ್ಣ ನಾಳಗಳನ್ನು ಕಟ್ಟಿದ ಲೋಳೆ. ಬಾಗಿಲು ಮುಚ್ಚುವ ಔಷಧ ಆಗ ತಡವಾಗಿ ಬಂದಂತೆ. ಆದರೂ ಜಿರೆಸೊವಿರ್ ಎಂಬ ಅದೇ ಬಗೆಯ ಅಣುವಿನ ಮೂರನೆಯ ಹಂತದ ಪ್ರಯೋಗ ಚೀನಾದಲ್ಲಿ ಆಸ್ಪತ್ರೆ ಸೇರಿದ ಶಿಶುಗಳಲ್ಲಿ ನಡೆದು, ಬ್ರಾಂಕಿಯೋಲೈಟಿಸ್ಸಿನ ಲಕ್ಷಣಗಳು ಔಷಧವಿಲ್ಲದ ಗುಂಪಿಗಿಂತ ಹೆಚ್ಚು ತಗ್ಗಿದವೆಂದು 2024ರಲ್ಲಿ ವರದಿಯಾಗಿದೆ. ಆರ್‌ಎನ್‌ಎ ಪ್ರತಿ ತೆಗೆಯುವ ಎಲ್ ಮತ್ತು ಅದನ್ನು ಹೊದಿಸುವ ಎನ್ ಪ್ರೋಟೀನುಗಳನ್ನು ಗುರಿಯಾಗಿಟ್ಟ ಅಣುಗಳ ಮೇಲೂ ಕೆಲಸ ನಡೆದಿದೆ. ಇವು ಬಾಗಿಲ ಒಳಗಿನ ಕೆಲಸವನ್ನೇ ತಡೆಯುವುದರಿಂದ ಸ್ವಲ್ಪ ತಡವಾದರೂ ಫಲ ಸಿಕ್ಕೀತೆಂಬುದು ಆಸೆ, ಇನ್ನೂ ಸಿದ್ಧವಾದ ಔಷಧವಲ್ಲ.

ವೈದ್ಯೆ: ಹಾಗಾದರೆ ಈ ವಿದ್ಯೆಯ ಅತಿ ದೊಡ್ಡ ಲಾಭ ಆರ್‌ಎಸ್‌ವಿಗಿಂತ ಕೊರೋನಾ ವೈರಸ್ಸಿನಲ್ಲಿ ಕಂಡಿತು ಎಂದು ಕೆಲವರು ಹೇಳುವುದುಂಟು.

ವಿಜ್ಞಾನಿ: ಕೊರೋನಾದ ಮುಳ್ಳಿನ ಪ್ರೋಟೀನು ಕೂಡ ಬೆಸುಗೆಗೆ ಮುನ್ನ ಒಂದು ರೂಪ, ಆಮೇಲೆ ಇನ್ನೊಂದು ರೂಪ ತಳೆಯುವಂಥದ್ದು. ಆರ್‌ಎಸ್‌ವಿಯಲ್ಲಿ ಕಲಿತ ಪಾಠವನ್ನು ಗ್ರಹಾಂ, ಮೆಕ್ಲೆಲನ್ ಮತ್ತು ಆಂಡ್ರೂ ವಾರ್ಡ್ ಅವರ ತಂಡಗಳು ಮೆರ್ಸ್ ಎಂಬ ಇನ್ನೊಂದು ಕೊರೋನಾ ವೈರಸ್ಸಿಗೆ ಅನ್ವಯಿಸಿ, ಎರಡು ಅಮೈನೋ ಆಮ್ಲಗಳ ಜಾಗದಲ್ಲಿ ಬಗ್ಗದ ಪ್ರೋಲಿನ್‌ಗಳನ್ನಿಟ್ಟರೆ ಮೊದಲ ರೂಪ ನಿಲ್ಲುತ್ತದೆಂದು 2017ರಲ್ಲೇ ತೋರಿಸಿದ್ದರು. 2020ರ ಜನವರಿಯಲ್ಲಿ ಹೊಸ ವೈರಸ್ಸಿನ ಜೀನೋಮು ಬಹಿರಂಗವಾದಾಗ ಅದೇ ಬದಲಾವಣೆಯನ್ನು 986 ಮತ್ತು 987ನೆಯ ಸ್ಥಾನಗಳಲ್ಲಿ ಮಾಡುವುದಷ್ಟೇ ಉಳಿದಿತ್ತು. ಮಾಡರ್ನಾ ಮತ್ತು ಫೈಜರ್ ಲಸಿಕೆಗಳಲ್ಲಿರುವುದು ಆ ರೂಪ. ಭಾರತದಲ್ಲಿ ಬಹುಜನರು ಪಡೆದ ಕೋವಿಶೀಲ್ಡಿನಲ್ಲಿ ಆ ತಿದ್ದುಪಡಿ ಇರಲಿಲ್ಲ, ಆದರೂ ಅದು ತೀವ್ರ ಕಾಯಿಲೆಯಿಂದ ಕಾಪಾಡಿತು, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಈ ಒಂದು ತಂತ್ರಕ್ಕೆ ಕಟ್ಟುವುದು ಸರಿಯಾಗದು.

ವೈದ್ಯೆ: ಆರ್‌ಎಸ್‌ವಿಗೇ ಮರಳಿದರೆ, 2019ರ ಅಂದಾಜಿನಲ್ಲಿ ಮಕ್ಕಳ ಸಾವುಗಳ ಶೇ. 97ಕ್ಕೂ ಹೆಚ್ಚು ಪಾಲು ಬಡ ಮತ್ತು ಮಧ್ಯಮ ವರಮಾನದ ದೇಶಗಳದ್ದು, ಆದರೆ ತಾವು ಹೇಳಿದ ಲಸಿಕೆ ಮತ್ತು ಪ್ರತಿಕಾಯಗಳು ಮೊದಲು ತಲುಪಿದ್ದು ಉಳಿದ ಶೇ. 3ರ ಕಡೆಗೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ವಿಜ್ಞಾನಿ: ಅದೇ ಅಂದಾಜಿನಲ್ಲಿ ಇನ್ನೊಂದು ಸಂಖ್ಯೆಯೂ ಇದೆ, ಮೊದಲ ಪ್ರಶ್ನೆಗೆ ಅದರಲ್ಲಿ ಉತ್ತರದ ಒಂದು ಭಾಗ ಸಿಗುತ್ತದೆ. ಸತ್ತ 1,01,400 ಮಕ್ಕಳ ಪೈಕಿ ಆಸ್ಪತ್ರೆಯಲ್ಲಿ ತೀರಿಕೊಂಡವರು ಸುಮಾರು 26,300. ಉಳಿದ ಮುಕ್ಕಾಲು ಪಾಲು ಮಕ್ಕಳು ತೀರಿಕೊಂಡದ್ದು ಆಸ್ಪತ್ರೆಯ ಹೊರಗೆ. ಹಾಸಿಗೆಯ ಪಕ್ಕದಲ್ಲಿ ಕೊಡುವ ಔಷಧ ಎಷ್ಟೇ ಒಳ್ಳೆಯದಾದರೂ ಆ ಮಕ್ಕಳಿಗೆ ಸಿಗುತ್ತಿರಲಿಲ್ಲ. ಕಾಯಿಲೆಗೆ ಮುನ್ನವೇ ಕೊಡಬಹುದಾದ ಒಂದು ಚುಚ್ಚುಮದ್ದು ಸಿಗಬಹುದಿತ್ತು.

ವೈದ್ಯೆ: ಹಾಗೆ ನೋಡಿದರೆ ಅದನ್ನು ಕೊಡುವ ಜಾಗವೂ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆರಿಗೆಗಳಲ್ಲಿ ಸುಮಾರು ಶೇ. 89, ಕರ್ನಾಟಕದಲ್ಲಿ ಶೇ. 97, ಆಸ್ಪತ್ರೆಗಳಲ್ಲೇ ಆಗುತ್ತಿವೆ. ಬಿಸಿಜಿ, ಹೆಪಟೈಟಿಸ್ ಬಿ, ಪೋಲಿಯೋ ಹನಿ ಇವುಗಳನ್ನು ಹುಟ್ಟಿದ ಕೂಡಲೇ ಕೊಡುವ ಪದ್ಧತಿ ನೆಲೆಯೂರಿದೆ. ನಿರ್ಸೆವಿಮ್ಯಾಬನ್ನು ಇಡಬೇಕಾದದ್ದೂ ಆ ಲಸಿಕೆಗಳಿರುವ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಪೆಟ್ಟಿಗೆಯಲ್ಲೇ. ಉಳಿದಿರುವ ತೊಡಕುಗಳು ಬೆಲೆ, ಮತ್ತು ವೈರಸ್ಸಿನ ಋತು: ಉತ್ತರ ಭಾರತದಲ್ಲಿ ಅದು ಚಳಿಗಾಲಕ್ಕೂ ದಕ್ಷಿಣದಲ್ಲಿ ಮಳೆಗಾಲಕ್ಕೂ ಹೆಚ್ಚು ಹೊಂದಿಕೊಂಡಿರುವುದರಿಂದ, ದೆಹಲಿಗೆ ಹೊಂದುವ ವೇಳಾಪಟ್ಟಿ ಬೆಂಗಳೂರಿಗೆ ಹೊಂದುವುದಿಲ್ಲ.

ವಿಜ್ಞಾನಿ: ತಾಯಂದಿರ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2025ರ ಮಾರ್ಚಿನಲ್ಲಿ ಪೂರ್ವಾರ್ಹತೆ ನೀಡಿರುವುದರಿಂದ ಅಂತಾರಾಷ್ಟ್ರೀಯ ಸಂಸ್ಥೆಗಳು ಅದನ್ನು ಬಡ ದೇಶಗಳಿಗಾಗಿ ಖರೀದಿಸುವ ದಾರಿ ತೆರೆದಿದೆ. ಪ್ರತಿಕಾಯಗಳ ಬೆಲೆ ಇಳಿಯಬೇಕಾದರೆ ಅವುಗಳ ತಯಾರಿಕೆ ಇಲ್ಲಿಯೇ ಆಗಬೇಕಾಗುತ್ತದೆ, ಭಾರತದ ಔಷಧ ಕಂಪನಿಗಳು ಬೇರೆ ಕಾಯಿಲೆಗಳ ಪ್ರತಿಕಾಯಗಳನ್ನು ಈಗಾಗಲೇ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿವೆ. ಅದರ ಜೊತೆಗೆ ಜಿಲ್ಲಾ ಆಸ್ಪತ್ರೆಗಳಿಗೆ ದಮ್ಮಿನಿಂದ ಬರುವ ಶಿಶುಗಳ ಮೂಗಿನ ದ್ರವವನ್ನು ವರ್ಷವಿಡೀ ಪರೀಕ್ಷಿಸಿ, ಯಾವ ತಿಂಗಳಲ್ಲಿ ವೈರಸ್ಸು ಏರುತ್ತದೆ, ಅದರ ಎಫ್ ಪ್ರೋಟೀನಿನ ಸೊನ್ನೆಯ ತಾಣದಲ್ಲಿ ಬದಲಾವಣೆಗಳು ಕಾಣಿಸಿಕೊಳ್ಳುತ್ತಿವೆಯೇ ಎಂಬುದನ್ನು ದಾಖಲಿಸುವ ಕೆಲಸ ಮೊದಲು ಆಗಬೇಕು. ಚುಚ್ಚುಮದ್ದನ್ನು ಯಾವ ತಿಂಗಳಲ್ಲಿ ಹುಟ್ಟಿದ ಮಕ್ಕಳಿಂದ ತೊಡಗಬೇಕೆಂಬುದನ್ನು ಆ ದಾಖಲೆಯೇ ತಿಳಿಸಬೇಕು.